ಬಾಳ್, ಬಾೞ್ ಮತ್ತು ಗಣಕದ ನೆನಪು

ಪಿಎಚ್.ಡಿ. ಪ್ರಬಂಧದ ಮೂರನೆಯ ಅಧ್ಯಾಯದ ಕರಡು ಮಾರ್ಗದರ್ಶಕರ ಕೈಯಿಂದ ಹಿಂದಿರುಗಿದಾಗ ಅದರಲ್ಲಿ ತಿದ್ದುಪಡಿಗಳು ಹೆಚ್ಚಿರಲಿಲ್ಲ. ಪದಸಂಖ್ಯೆಯ ಕೋಷ್ಟಕವೊಂದರ ಪಕ್ಕದಲ್ಲಿ ಮಾತ್ರ ಪೆನ್ಸಿಲಿನಲ್ಲಿ ಒಂದು ಪ್ರಶ್ನೆಯಿತ್ತು: ಈ ಸಂಖ್ಯೆಗಳನ್ನು ಪಡೆದ ಕ್ರಮ ಯಾವುದು? ಸಂಶೋಧಕಿ ಆ ಸಾಲನ್ನು ಎರಡು ಮೂರು ಬಾರಿ ಓದಿದಳು. ಕೋಷ್ಟಕ ಸಿದ್ಧವಾಗಿ ತಿಂಗಳುಗಳೇ ಕಳೆದಿದ್ದವು. ಅದರ ಆಧಾರದ ಮೇಲೆ ಬರೆದ ಹನ್ನೆರಡು ಪುಟಗಳ ವಿವೇಚನೆ ಆಕೆಗೆ ಬಾಯಿಪಾಠವಾಗಿತ್ತು. ಆದರೆ ಕೋಷ್ಟಕಕ್ಕೆ ತಲುಪಿದ ದಾರಿ ನೆನಪಿನಲ್ಲಿರಲಿಲ್ಲ.

ಆಕೆಯ ವಿಷಯ ಎರಡು ಹಳಗನ್ನಡ ಚಂಪೂಕಾವ್ಯಗಳಲ್ಲಿ ಯುದ್ಧಸಂಬಂಧಿಯಾದ ಪದಸಂಪತ್ತು. ಆಯುಧಗಳ ಹೆಸರು, ಕೊಲ್ಲುವ ಮತ್ತು ಕತ್ತರಿಸುವ ಕ್ರಿಯಾಪದಗಳು, ಸೈನ್ಯದ ಅಂಗಗಳು ಇವೆಲ್ಲ ಯಾವ ಕಾವ್ಯದಲ್ಲಿ ಎಷ್ಟು ಬಾರಿ ಬರುತ್ತವೆ, ಎಲ್ಲಿ ದಟ್ಟವಾಗುತ್ತವೆ, ಎಲ್ಲಿ ವಿರಳವಾಗುತ್ತವೆ ಎಂಬುದು ಆಕೆಯ ಪ್ರಶ್ನೆ. ಹಿಂದಿನ ತಲೆಮಾರಿನ ವಿದ್ವಾಂಸರು ಇಂತಹ ಕೆಲಸಕ್ಕೆ ಚೀಟಿಗಳನ್ನು ಬರೆದು, ಅಕಾರಾದಿಯಾಗಿ ಜೋಡಿಸಿ, ಪೆಟ್ಟಿಗೆಗಳಲ್ಲಿಟ್ಟು ವರ್ಷಗಳನ್ನು ಕಳೆಯುತ್ತಿದ್ದರು. ಆಕೆ ಎರಡೂ ಕಾವ್ಯಗಳ ಮುದ್ರಿತ ಪಾಠಗಳನ್ನು ಯೂನಿಕೋಡ್ ಕಡತಗಳನ್ನಾಗಿ ಮಾಡಿಕೊಂಡು, ಲಿನಕ್ಸ್ ಗಣಕದ ಟರ್ಮಿನಲ್ ಎಂಬ ಕಪ್ಪು ಕಿಟಕಿಯಲ್ಲಿ ಕೆಲವು ಆಜ್ಞೆಗಳನ್ನು ಟೈಪಿಸಿ ಪಟ್ಟಿಗಳನ್ನು ತಯಾರಿಸುತ್ತಿದ್ದಳು. ಗ್ರೆಪ್ ಎಂಬ ಆಜ್ಞೆ ಪದವಿರುವ ಸಾಲುಗಳನ್ನು ಆರಿಸುತ್ತದೆ, ಸೆಡ್ ಎಂಬುದು ಒಂದು ಅಕ್ಷರದ ಜಾಗದಲ್ಲಿ ಇನ್ನೊಂದನ್ನು ಇರಿಸುತ್ತದೆ, ಸಾರ್ಟ್ ಜೋಡಿಸುತ್ತದೆ, ಯೂನಿಕ್ ಒಂದರ ಪಕ್ಕದಲ್ಲೊಂದು ಬಂದ ಸಮಾನ ಸಾಲುಗಳನ್ನು ಎಣಿಸುತ್ತದೆ. ಇವುಗಳನ್ನು ಪೈಪ್ ಎಂಬ ನೆಟ್ಟಗೆರೆಯಿಂದ ಬೆಸೆದರೆ ಒಂದರ ಫಲ ಮುಂದಿನದಕ್ಕೆ ಆಹಾರವಾಗುತ್ತದೆ. ಚೀಟಿಪೆಟ್ಟಿಗೆಯ ಒಂದು ವರ್ಷದ ಕೆಲಸ ಒಂದು ಉದ್ದನೆಯ ಸಾಲಿನಲ್ಲಿ ಮುಗಿಯುತ್ತದೆ.

ತೊಂದರೆಯೂ ಅಲ್ಲಿಯೇ ಇದೆ. ಚೀಟಿಪೆಟ್ಟಿಗೆ ಕೆಲಸ ಮುಗಿದ ಮೇಲೂ ಮೇಜಿನ ಮೇಲಿರುತ್ತದೆ. ಸಂಶಯ ಬಂದವರು ತೆರೆದು ನೋಡಬಹುದು. ಆಜ್ಞೆಯ ಸಾಲು ಹಾಗಲ್ಲ. ಫಲವನ್ನು ಕೊಟ್ಟು ಅದು ಪರದೆಯ ಮೇಲಂಚಿನಿಂದ ಜಾರಿಹೋಗುತ್ತದೆ. ಪ್ರಬಂಧದಲ್ಲಿ ಉಳಿಯುವುದು ಸಂಖ್ಯೆ ಮಾತ್ರ.

ಹಾಗೆ ಜಾರಿಹೋದದ್ದನ್ನು ಹಿಡಿದಿಡುವ ಯೋಚನೆ ಯುನಿಕ್ಸ್ ಹುಟ್ಟಿದ ದಿನದಿಂದಲೇ ಇದ್ದದ್ದಲ್ಲ. 1969ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಮರ್ರೆ ಹಿಲ್‌ನಲ್ಲಿದ್ದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಆ ವ್ಯವಸ್ಥೆಯನ್ನು ರೂಪಿಸತೊಡಗಿದಾಗ ಅವರ ಮುಂದಿದ್ದುದು ಪರದೆಯಲ್ಲ, ಟೆಲಿಟೈಪ್ ಯಂತ್ರ. ಸೆಕೆಂಡಿಗೆ 10 ಅಕ್ಷರಗಳ ವೇಗದಲ್ಲಿ ಅದು ಕಾಗದದ ಸುರುಳಿಯ ಮೇಲೆ ಅಚ್ಚುಮಾಡುತ್ತಿತ್ತು. ಯುನಿಕ್ಸ್‌ನ ಆಜ್ಞೆಗಳ ಹೆಸರುಗಳು ಎರಡು ಮೂರು ಅಕ್ಷರಗಳಷ್ಟು ಮೊಟಕಾಗಿರುವುದಕ್ಕೆ ಆ ನಿಧಾನಗತಿಯೂ ಒಂದು ಕಾರಣ. ಟೈಪಿಸಿದ್ದೆಲ್ಲ ಕಾಗದದ ಮೇಲೆ ಉಳಿಯುತ್ತಿದ್ದುದರಿಂದ ಬೇಕಾದವರು ಸುರುಳಿಯನ್ನು ಬಿಚ್ಚಿ ಹಿಂದಿನ ಆಜ್ಞೆಯನ್ನು ಕಣ್ಣಿನಿಂದ ಹುಡುಕಿ, ಕೈಯಿಂದ ಮತ್ತೆ ಟೈಪಿಸಬಹುದಿತ್ತು. ನೆನಪು ಕಾಗದಕ್ಕೆ ಇತ್ತು, ಯಂತ್ರಕ್ಕೆ ಇರಲಿಲ್ಲ. ಪರದೆಗಳು ಬಂದ ಮೇಲೆ ಕಾಗದವೂ ಹೋಯಿತು.

ಬಳಕೆದಾರನ ಆಜ್ಞೆಗಳನ್ನು ಓದಿ ನಡೆಸುವ ಕ್ರಮವಿಧಿಗೆ ಶೆಲ್ ಎಂದು ಹೆಸರು. 1970ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ವಿದ್ಯಾರ್ಥಿಯಾಗಿದ್ದ ಬಿಲ್ ಜಾಯ್ ರಚಿಸಿದ ಸಿ ಶೆಲ್‌ನಲ್ಲಿ ಆಜ್ಞೆಗಳ ಇತಿಹಾಸವನ್ನು ಯಂತ್ರವೇ ಇಟ್ಟುಕೊಳ್ಳುವ ಏರ್ಪಾಡು ಬಂತು. ಎರಡು ಉದ್ಗಾರಚಿಹ್ನೆಗಳನ್ನು ಟೈಪಿಸಿದರೆ ಹಿಂದಿನ ಆಜ್ಞೆ ಮತ್ತೆ ನಡೆಯುತ್ತಿತ್ತು. ಉದ್ಗಾರಚಿಹ್ನೆಯ ನಂತರ ಕೆಲವು ಅಕ್ಷರಗಳನ್ನು ಬರೆದರೆ ಆ ಅಕ್ಷರಗಳಿಂದ ಆರಂಭವಾಗುವ ತೀರ ಇತ್ತೀಚಿನ ಆಜ್ಞೆ ಎದ್ದು ಬರುತ್ತಿತ್ತು. 1983ರಲ್ಲಿ ಪ್ರಕಟವಾದ ಡೇವಿಡ್ ಕಾರ್ನ್ ಅವರ ಕಾರ್ನ್ ಶೆಲ್ ಹಳೆಯ ಸಾಲನ್ನು ಎಳೆದುಕೊಂಡು ತಿದ್ದುವ ಅನುಕೂಲವನ್ನು ಕೊಟ್ಟಿತು. 1989ರಲ್ಲಿ ಬ್ರಯನ್ ಫಾಕ್ಸ್ ಬರೆದ, ಅನಂತರ ದೀರ್ಘಕಾಲ ಚೆಟ್ ರೇಮಿ ಪೋಷಿಸಿಕೊಂಡು ಬಂದ ಬ್ಯಾಶ್ ಎಂಬ ಶೆಲ್ ಇಂದು ಬಹುತೇಕ ಲಿನಕ್ಸ್ ಗಣಕಗಳಲ್ಲಿದೆ. ಸಂಶೋಧಕಿಯ ಗಣಕದಲ್ಲಿದ್ದುದೂ ಅದೇ.

ಆಕೆ ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸ: ಮೇಲ್ಮುಖ ಬಾಣದ ಕೀಲಿಯನ್ನು ಒತ್ತುವುದು. ಒಂದೊಂದು ಒತ್ತಿಗೆ ಒಂದೊಂದು ಹಳೆಯ ಆಜ್ಞೆ ಕಾಣಿಸಿಕೊಂಡಿತು. ನಿನ್ನೆಯದು ಸಿಕ್ಕಿತು, ಮೊನ್ನೆಯದು ಸಿಕ್ಕಿತು. ತಿಂಗಳುಗಳ ಹಿಂದಿನದಕ್ಕೆ ಬೆರಳು ಸೋತಿತು. ತಾಳೆಗರಿಯ ಕಟ್ಟೊಂದನ್ನು ಕೊನೆಯ ಗರಿಯಿಂದ ಒಂದೊಂದಾಗಿ ಹಿಂದಕ್ಕೆ ಮಗುಚುತ್ತ ಹೋದಂತಹ ಕೆಲಸವದು.

ಎರಡನೆಯ ದಾರಿ ಕಂಟ್ರೋಲ್ ಕೀಲಿಯೊಡನೆ ಆರ್ ಕೀಲಿಯನ್ನು ಒತ್ತುವುದು. ಇದರ ಮೂಲ ಶೆಲ್ಲಿನಲ್ಲಿಲ್ಲ, 1976ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಮತ್ತು ಜೊತೆಗಾರರು ಎಂಐಟಿಯಲ್ಲಿ ಕಟ್ಟಿದ ಈಮ್ಯಾಕ್ಸ್ ಎಂಬ ಪಠ್ಯಸಂಪಾದಕದ ಪರಂಪರೆಯಲ್ಲಿದೆ. ಹುಡುಕುವ ಪದವನ್ನು ಪೂರ್ತಿ ಬರೆದು ಮುಗಿಸುವವರೆಗೆ ಯಂತ್ರ ಕಾಯುವುದಿಲ್ಲ. ಒಂದು ಅಕ್ಷರ ಬಿದ್ದೊಡನೆ ಅದಕ್ಕೆ ಹೊಂದುವುದನ್ನು ತೋರಿಸುತ್ತದೆ, ಎರಡನೆಯದು ಬಿದ್ದೊಡನೆ ಇನ್ನಷ್ಟು ಹತ್ತಿರ ಬರುತ್ತದೆ. ಬ್ಯಾಶ್ ಇದನ್ನು ಆಜ್ಞೆಗಳ ಇತಿಹಾಸಕ್ಕೆ ಅನ್ವಯಿಸಿತು. ಆರ್ ಎಂದರೆ ಹಿಮ್ಮುಖ. ಅದೇ ಕೀಲಿಯನ್ನು ಮತ್ತೆ ಒತ್ತಿದರೆ ಹುಡುಕಾಟ ಇನ್ನೂ ಹಿಂದಕ್ಕೆ ಹೋಗುತ್ತದೆ. ದಾಟಿ ಹೋದರೆ ಮುಂದಕ್ಕೆ ಬರಲು ಕಂಟ್ರೋಲ್ ಮತ್ತು ಎಸ್ ಕೀಲಿಗಳಿವೆಯೆಂದು ಕೈಪಿಡಿ ಹೇಳುತ್ತದೆ. ಆಕೆ ಅವನ್ನು ಒತ್ತಿದಳು, ಪರದೆ ಕಲ್ಲಾಯಿತು. ಏನು ಟೈಪಿಸಿದರೂ ಕಾಣದು. ಕಂಟ್ರೋಲ್ ಮತ್ತು ಕ್ಯೂ ಒತ್ತಿದ ಮೇಲೆಯೇ ಜೀವ ಬಂದದ್ದು. ಟೆಲಿಟೈಪಿನ ಕಾಲದಲ್ಲಿ ವೇಗವಾಗಿ ಬರುವ ಅಕ್ಷರಗಳನ್ನು ತಡೆದು ನಿಲ್ಲಿಸಲು ಬಳಸುತ್ತಿದ್ದ ಸಂಕೇತವನ್ನು ಇಂದಿನ ಟರ್ಮಿನಲ್ ಇನ್ನೂ ಪಾಲಿಸುತ್ತದೆ. ಹುಡುಕಾಟದ ಕೀಲಿ ಶೆಲ್ಲಿಗೆ ತಲುಪುವ ಮೊದಲೇ ಅದು ಹಿಡಿದುಕೊಂಡುಬಿಡುತ್ತದೆ. ಬಳಕೆ ತಪ್ಪಿದ ಅಕ್ಷರವೊಂದು ಕಾಗುಣಿತದಲ್ಲಿ ಉಳಿದುಕೊಂಡು ಓದುಗನನ್ನು ಎಡವಿಸುವಂತೆ.

ಕಂಟ್ರೋಲ್ ಆರ್ ಒಂದು ಸಲಕ್ಕೆ ಒಂದೇ ಸಾಲನ್ನು ತೋರಿಸುತ್ತದೆ. ಸಿಕ್ಕಿದ್ದರ ಆಚೆ ಈಚೆ ಏನಿದೆ ಎಂಬುದು ತಿಳಿಯದು. ಮೇಲಾಗಿ ಅಲ್ಲಿ ಎಂಟರ್ ಒತ್ತಿದರೆ ಆಜ್ಞೆ ತಕ್ಷಣ ನಡೆದುಹೋಗುತ್ತದೆ. ಅದು ಹಳೆಯ ಕಡತವೊಂದರ ಮೇಲೆ ಹೊಸ ಫಲವನ್ನು ಬರೆಯುವ ಆಜ್ಞೆಯಾಗಿದ್ದರೆ ಹಳೆಯದು ಅಳಿದಂತೆಯೇ. ಸೆಡ್ ಎಂದು ಟೈಪಿಸಿದಾಗ ಎದುರಾದ ಸಾಲುಗಳಲ್ಲಿ ಹತ್ತಾರು ಒಂದೇ ಬಗೆಯವು. ಯಾವುದು ಕೋಷ್ಟಕದ್ದು ಎಂದು ಗುರುತಿಸಲಾಗಲಿಲ್ಲ.

ಗಣಕ ಕೊಂಡ ಹೊಸದರಲ್ಲಿ, ತಂತ್ರಾಂಶ ಬರೆಯುವ ಉದ್ಯೋಗದಲ್ಲಿದ್ದ ಆಕೆಯ ತಮ್ಮ ಎಚ್‌ಎಸ್‌ಟಿಆರ್ ಎಂಬ ಪುಟ್ಟ ಸಾಧನವೊಂದನ್ನು ಅದರಲ್ಲಿ ಸ್ಥಾಪಿಸಿ ಹೋಗಿದ್ದ. ಮಾರ್ಟಿನ್ ಡ್ವೊರಾಕ್ ಎಂಬ ತಂತ್ರಜ್ಞರು ಬರೆದು ಮುಕ್ತವಾಗಿ ಹಂಚಿದ ಈ ಸಾಧನ ಶೆಲ್ಲಿನ ಇತಿಹಾಸವನ್ನು ಇಡಿಯ ಪರದೆಯಲ್ಲಿ ಪಟ್ಟಿಯಾಗಿ ಹರಡುತ್ತದೆ. ಸ್ಥಾಪಿಸುವಾಗಲೇ ತಮ್ಮ ಎರಡು ಏರ್ಪಾಡುಗಳನ್ನು ಮಾಡಿದ್ದ. ಬ್ಯಾಶ್ ತಾನಾಗಿ ನೆನಪಿಡುವುದು 500 ಆಜ್ಞೆಗಳನ್ನು ಮಾತ್ರ. ಉಬುಂಟುವಿನಂತಹ ವಿತರಣೆಗಳು ಅದನ್ನು ನೆನಪಿನಲ್ಲಿ 1000, ಕಡತದಲ್ಲಿ 2000 ಸಾಲುಗಳಿಗೆ ಏರಿಸಿವೆ. ಅವನು ಅದನ್ನು 10000 ಮಾಡಿದ್ದ. ಎರಡನೆಯದಾಗಿ, ಬ್ಯಾಶ್ ಸಾಮಾನ್ಯವಾಗಿ ಕಿಟಕಿ ಮುಚ್ಚುವಾಗಷ್ಟೇ ಇತಿಹಾಸವನ್ನು ಕಡತಕ್ಕೆ ಬರೆಯುತ್ತದೆ. ನಡುವೆ ಗಣಕ ನಿಂತುಹೋದರೆ ಆ ಹೊತ್ತಿನ ಕೆಲಸದ ನೆನಪು ಹೋಯಿತು. ಪ್ರತಿ ಆಜ್ಞೆಯ ಬೆನ್ನಿಗೇ ಅದು ದಾಖಲಾಗುವಂತೆ ಅವನು ಮಾಡಿದ್ದ. ಆಕೆಗೆ ಅಂದು ಇದಾವುದರ ಮಹತ್ವವೂ ತಿಳಿದಿರಲಿಲ್ಲ.

ಈಗ ಆಕೆ ಅದನ್ನು ತೆರೆದಳು. ಆರಂಭದಲ್ಲಿ ಪಟ್ಟಿ ಕಾಲಾನುಕ್ರಮದಲ್ಲಿರುವುದಿಲ್ಲ. ಹೆಚ್ಚು ಬಾರಿ ಮತ್ತು ಇತ್ತೀಚೆಗೆ ಬಳಸಿದ ಆಜ್ಞೆಗಳು ಮೇಲಿರುತ್ತವೆ. ಕೋಷ್ಟಕದ ಆಜ್ಞೆ ಒಂದೇ ಬಾರಿ ನಡೆದದ್ದಾದ್ದರಿಂದ ತೀರ ಕೆಳಗಿರಬೇಕು. ಹುಡುಕುವ ಸಾಲಿನಲ್ಲಿ ಆಕೆ ಸೆಡ್ ಎಂದು ಬರೆದಳು, ಜಾಗ ಬಿಟ್ಟು ಯೂನಿಕ್ ಎಂದು ಬರೆದಳು, ಮತ್ತೆ ಜಾಗ ಬಿಟ್ಟು ಮೊದಲ ಕಾವ್ಯದ ಕಡತದ ಹೆಸರಿನ ಮೂರಕ್ಷರಗಳನ್ನು ಬರೆದಳು. ಪ್ರತಿ ಅಕ್ಷರಕ್ಕೂ ಪಟ್ಟಿ ಕುಗ್ಗುತ್ತ ಬಂತು. ಕೊನೆಗೆ ಉಳಿದದ್ದು ನಾಲ್ಕು ಸಾಲು.

ಹಳಗನ್ನಡ ಕಾವ್ಯಗಳ ಸಂಪಾದಿತ ಆವೃತ್ತಿಗಳ ಕೊನೆಯಲ್ಲಿರುವ ಪದ್ಯಗಳ ಅಕಾರಾದಿಯನ್ನು ಬಳಸಿದವರಿಗೆ ಇದರ ಬೆಲೆ ತಿಳಿಯುತ್ತದೆ. ಆ ಅಕಾರಾದಿಗೆ ಪದ್ಯದ ಮೊದಲ ಪದ ಗೊತ್ತಿರಬೇಕು. ಮೂರನೆಯ ಪಾದದ ನಡುವಿನ ಮಾತೊಂದು ಕಿವಿಯಲ್ಲಿ ಗುಂಯ್‌ಗುಡುತ್ತಿದ್ದು, ಆರಂಭ ಮರೆತಿದ್ದರೆ ಅಕಾರಾದಿ ನೆರವಿಗೆ ಬಾರದು. ಸಿ ಶೆಲ್‌ನ ಉದ್ಗಾರಚಿಹ್ನೆ ಬಹುಮಟ್ಟಿಗೆ ಅಂತಹ ಅಕಾರಾದಿ. ಮನುಷ್ಯನ ನೆನಪಾದರೋ ಆರಂಭದಿಂದ ಆರಂಭವಾಗುವುದಿಲ್ಲ. ನಡುವಿನ ಒಂದು ಚೂರು, ಕೊನೆಯ ಒಂದು ಪ್ರಾಸ, ಹೀಗೆ ತುಣುಕುಗಳಾಗಿ ಉಳಿಯುತ್ತದೆ. ಕಾವ್ಯವನ್ನು ಕಂಠಸ್ಥ ಮಾಡಿದ ಹಳೆಯ ಪಂಡಿತರ ಎದುರು ಅಂತಹ ಒಂದು ಚೂರನ್ನು ಹೇಳಿದರೆ ಅವರು ಇಡಿಯ ಪದ್ಯವನ್ನು ಒಪ್ಪಿಸುತ್ತಿದ್ದರು. ಈ ಸಾಧನ ಮಾಡುವುದು ಅದನ್ನೇ.

ನಾಲ್ಕು ಸಾಲುಗಳಲ್ಲಿ ಮೂರನೆಯದನ್ನು ಆಕೆ ಟ್ಯಾಬ್ ಕೀಲಿಯಿಂದ ಆಜ್ಞಾಸಾಲಿಗೆ ಇಳಿಸಿಕೊಂಡಳು. ಹೀಗೆ ಮಾಡಿದರೆ ಆಜ್ಞೆ ನಡೆಯುವುದಿಲ್ಲ, ಓದಲು ಮತ್ತು ತಿದ್ದಲು ಸಿಗುತ್ತದೆ. ಕನ್ನಡ ಅಕ್ಷರಗಳು ಟರ್ಮಿನಲ್ಲಿನಲ್ಲಿ ಎಂದಿನಂತೆ ಒತ್ತಕ್ಷರ ಒಂದು ಕಡೆ, ಗುಣಿತಚಿಹ್ನೆ ಇನ್ನೊಂದು ಕಡೆ ಚೆದುರಿದ್ದವು. ಆದರೂ ಸೆಡ್ ಆಜ್ಞೆಯ ಒಳಗಿದ್ದ ನಾಲ್ಕು ಅಕ್ಷರಗಳು ಸ್ಪಷ್ಟವಾಗಿ ಕಂಡವು: ೞ ಇದ್ದಲ್ಲಿ ಳ, ಱ ಇದ್ದಲ್ಲಿ ರ.

ಆಕೆಗೆ ಆ ರಾತ್ರಿ ನೆನಪಾಯಿತು. ಪದಗಳನ್ನು ಹೊಸಗನ್ನಡ ಕಾಗುಣಿತದ ನಿಘಂಟಿನಲ್ಲಿ ಬೇಗನೆ ನೋಡಿಕೊಳ್ಳುವ ಸಲುವಾಗಿ, ತಾತ್ಕಾಲಿಕವೆಂದು ಮಾಡಿಕೊಂಡ ಬದಲಾವಣೆ ಅದು. ಎರಡನೆಯ ಕಾವ್ಯದ ಕಡತದ ಹೆಸರನ್ನು ಕೊಟ್ಟು ಮತ್ತೆ ಹುಡುಕಿದಳು. ಅಲ್ಲಿನ ಆಜ್ಞೆಯಲ್ಲಿ ಈ ಬದಲಾವಣೆ ಇರಲಿಲ್ಲ. ಒಂದು ಕಾವ್ಯದಲ್ಲಿ ಎರಡು ಅಕ್ಷರಗಳು ಅಳಿದಿದ್ದವು, ಇನ್ನೊಂದರಲ್ಲಿ ಉಳಿದಿದ್ದವು. ಕೋಷ್ಟಕ ಇವೆರಡನ್ನೂ ಅಕ್ಕಪಕ್ಕ ಇಟ್ಟು ಹೋಲಿಸಿತ್ತು.

ಹಳಗನ್ನಡದ ವಿದ್ಯಾರ್ಥಿಗಳಿಗೆ ಇದರ ಪರಿಣಾಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಾಳ್ ಎಂದರೆ ಖಡ್ಗ. ಬಾೞ್ ಎಂದರೆ ಜೀವಿಸು. ಅರಿ ಎಂದರೆ ಕತ್ತರಿಸು, ಸಂಸ್ಕೃತದಿಂದ ಬಂದಾಗ ಶತ್ರು. ಅಱಿ ಎಂದರೆ ತಿಳಿ. ಕೇಶಿರಾಜ ಶಬ್ದಮಣಿದರ್ಪಣದಲ್ಲಿ ರಳ, ಕುಳ, ಕ್ಷಳಗಳನ್ನು ಬೇರ್ಪಡಿಸಿ ವಿವರಿಸಿದ್ದು ವ್ಯಾಕರಣದ ಚಪಲಕ್ಕಾಗಿ ಅಲ್ಲ. ೞಕಾರವನ್ನು ಳಕಾರವೆಂದು ಓದಿದರೆ ಅರ್ಥವೇ ಪಲ್ಲಟವಾಗುವ ಪದಗಳು ಭಾಷೆಯಲ್ಲಿದ್ದವು. ಆಕೆಯ ಆಜ್ಞೆ ಬಾಳ್ ಎಂಬುದರಿಂದ ಮೊದಲಾಗುವ ಎಲ್ಲ ರೂಪಗಳನ್ನೂ ಕೂಡಿಸಿತ್ತು. ಮೊದಲ ಕಾವ್ಯದಲ್ಲಿ ಬಾೞ್ವೆಯೆಲ್ಲ ಬಾಳ್ವೆಯಾಗಿ, ಬದುಕಿದವರೆಲ್ಲ ಖಡ್ಗಗಳ ಲೆಕ್ಕಕ್ಕೆ ಸೇರಿದ್ದರು. ತಿಳಿದವರು ಕತ್ತರಿಸಿದವರಾಗಿದ್ದರು. ಮೊದಲ ಕಾವ್ಯದಲ್ಲಿ ಯುದ್ಧದ ಶಬ್ದಗಳು ಗಮನಾರ್ಹವಾಗಿ ಹೆಚ್ಚು ಎಂಬ ಅಧ್ಯಾಯದ ಮುಖ್ಯ ನಿರ್ಣಯ ನಿಂತಿದ್ದುದು ಈ ಎಣಿಕೆಯ ಮೇಲೆ.

ಆಜ್ಞೆಯ ಸಾಲಿಗೆ ದಿನಾಂಕವಿರಲಿಲ್ಲ. ಬೇಕೆಂದು ವಿಶೇಷವಾಗಿ ಕೇಳಿಕೊಳ್ಳದಿದ್ದರೆ ಬ್ಯಾಶ್ ಕಾಲವನ್ನು ದಾಖಲಿಸುವುದಿಲ್ಲ. ಕೋಷ್ಟಕಕ್ಕೆ ಕಾರಣವಾದ ಆಜ್ಞೆ ನಿಜವಾಗಿಯೂ ಇದೇ ಹೌದೇ ಎಂಬುದನ್ನು ಖಚಿತಪಡಿಸಿಕೊಳ್ಳಲು ಆಕೆ ಪಟ್ಟಿಯನ್ನು ಕಾಲಾನುಕ್ರಮದ ನೋಟಕ್ಕೆ ತಿರುಗಿಸಿದಳು. ತೇದಿಯಿಲ್ಲದ ಶಾಸನದ ಕಾಲವನ್ನು ಅದರಲ್ಲಿ ಬರುವ ಅರಸರು, ದಾನಿಗಳು, ನೆರೆಯ ಶಾಸನಗಳು ಇವುಗಳಿಂದ ನಿರ್ಣಯಿಸುವಂತೆ, ಆ ಸಾಲಿನ ಹಿಂದುಮುಂದಿನ ಸಾಲುಗಳನ್ನು ಓದಿದಳು. ಹಿಂದಿನ ಸಾಲಿನಲ್ಲಿ ಕಡತವನ್ನು ತೆರೆದದ್ದಿತ್ತು. ಮುಂದಿನದರಲ್ಲಿ ಫಲವನ್ನು ಕೋಷ್ಟಕದ ಹೆಸರಿನ ಕಡತಕ್ಕೆ ನಕಲು ಮಾಡಿದ್ದಿತ್ತು. ಆ ಕಡತ ಕೊನೆಯದಾಗಿ ಬದಲಾದ ದಿನ ಅಧ್ಯಾಯದ ಮೊದಲ ಕರಡಿನ ವಾರಕ್ಕೆ ಹೊಂದುತ್ತಿತ್ತು. ಸಂಶಯಕ್ಕೆ ಎಡೆ ಉಳಿಯಲಿಲ್ಲ.

ಎಚ್‌ಎಸ್‌ಟಿಆರ್‌ನಲ್ಲಿ ಇನ್ನೊಂದು ಅನುಕೂಲವಿದೆ. ಪಟ್ಟಿಯಲ್ಲಿ ಬೇಡವಾದ ಸಾಲನ್ನು ಆರಿಸಿ ಡಿಲೀಟ್ ಕೀಲಿಯನ್ನು ಒತ್ತಿದರೆ, ಒಮ್ಮೆ ಖಚಿತಪಡಿಸಿಕೊಂಡು, ಆ ಆಜ್ಞೆಯನ್ನು ಇತಿಹಾಸದಿಂದಲೇ ತೆಗೆದುಹಾಕುತ್ತದೆ. ಇದು ಸದುದ್ದೇಶದ ಏರ್ಪಾಡು. ಕೆಲವರು ಅವಸರದಲ್ಲಿ ಗುಪ್ತಪದವನ್ನೇ ಆಜ್ಞೆಯೊಳಗೆ ಟೈಪಿಸಿರುತ್ತಾರೆ. ಅದು ಇತಿಹಾಸದ ಕಡತದಲ್ಲಿ ಸಾದಾ ಅಕ್ಷರಗಳಲ್ಲಿ ಬಿದ್ದಿರುತ್ತದೆ, ಆ ಕಡತವನ್ನು ತೆರೆಯಬಲ್ಲವರೆಲ್ಲ ಓದಬಹುದು. ಅಂತಹದನ್ನು ಅಳಿಸುವುದೇ ಸರಿ. ಮುನ್ನೆಚ್ಚರಿಕೆಯುಳ್ಳವರು ಆಜ್ಞೆಯ ಮೊದಲು ಒಂದು ತೆರಪನ್ನು ಬಿಡುತ್ತಾರೆ. ಶೆಲ್ಲನ್ನು ಹಾಗೆ ಅಣಿಗೊಳಿಸಿದ್ದರೆ ತೆರಪಿನಿಂದ ಆರಂಭವಾದ ಸಾಲು ದಾಖಲಾಗುವುದಿಲ್ಲ.

ಆ ಸಾಲಿನ ಮೇಲೆ ಬೆಳಕಿನ ಪಟ್ಟಿ ನಿಂತಿತ್ತು. ಅಳಿಸಿದರೆ ಕೇಳುವವರಿರಲಿಲ್ಲ. ಮಾರ್ಗದರ್ಶಕರಿಗೆ ಶೆಲ್ ಎಂಬುದರ ಪರಿಚಯವಿಲ್ಲ. ಪದಗಳನ್ನು ಗಣಕದ ನೆರವಿನಿಂದ ಎಣಿಸಲಾಯಿತು ಎಂಬ ಒಂದು ವಾಕ್ಯ ಅವರ ಪ್ರಶ್ನೆಗೆ ಉತ್ತರವಾಗಿ ಸಾಕಾಗಬಹುದಿತ್ತು. ಪರೀಕ್ಷಕರು ಕೋಷ್ಟಕವನ್ನು ಒಪ್ಪಿಕೊಳ್ಳುವ ಸಾಧ್ಯತೆಯೇ ಹೆಚ್ಚು. ಪ್ರಬಂಧ ಒಪ್ಪಿಸುವ ಗಡುವು ಹತ್ತಿರವಿತ್ತು, ಶಿಷ್ಯವೇತನದ ಅವಧಿ ಮುಗಿಯುತ್ತ ಬಂದಿತ್ತು. ಹನ್ನೆರಡು ಪುಟಗಳನ್ನು ಕೈಬಿಡುವುದೆಂದರೆ ಅಧ್ಯಾಯದ ಬೆನ್ನೆಲುಬನ್ನು ತೆಗೆದಂತೆ. ಆಕೆ ಡಿಲೀಟ್ ಕೀಲಿಯನ್ನು ಒತ್ತಿದಳು. ಈ ಆಜ್ಞೆಯ ಎಲ್ಲ ಸಾಲುಗಳನ್ನೂ ಅಳಿಸಬೇಕೇ ಎಂದು ಸಾಧನ ಕೇಳಿತು. ಹೌದು ಅಥವಾ ಇಲ್ಲ ಎಂಬುದಕ್ಕೆ ಒಂದೊಂದು ಅಕ್ಷರ. ಬಹಳ ಹೊತ್ತು ಆ ಪ್ರಶ್ನೆ ಪರದೆಯ ಮೇಲೆ ಹಾಗೆಯೇ ಇತ್ತು.

ಆಕೆಯನ್ನು ತಡೆದದ್ದು ದೊಡ್ಡ ತತ್ವವೇನೂ ಅಲ್ಲ. ಅದೇ ಅಧ್ಯಾಯದ ಅಡಿಟಿಪ್ಪಣಿಯೊಂದರಲ್ಲಿ ಆಕೆಯೇ ದಾಖಲಿಸಿದ್ದ ಸಂಗತಿ ನೆನಪಾಯಿತು. ಯೂನಿಕೋಡ್ ಸಂಕೇತಪಟ್ಟಿಯಲ್ಲಿ ೞ ಅಕ್ಷರಕ್ಕೆ ಕೊಟ್ಟಿರುವ ಹೆಸರು ತಪ್ಪು. ಅದನ್ನು ಫ ಎಂಬ ಧ್ವನಿಯ ಹೆಸರಿನಿಂದ ನಮೂದಿಸಲಾಗಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಯೂನಿಕೋಡ್‌ನ ನಿಯಮ. ಹಾಗಾಗಿ ತಪ್ಪು ಹೆಸರನ್ನು ಅಳಿಸದೆ, ಸರಿಯಾದ ಹೆಸರನ್ನು ಅದರ ತಿದ್ದುಪಡಿಯೆಂದು ಪಕ್ಕದಲ್ಲಿ ಸೇರಿಸಲಾಗಿದೆ. ಆ ಟಿಪ್ಪಣಿಯನ್ನು ಬರೆಯುವಾಗ ಆಕೆ ಇದನ್ನೊಂದು ವಿನೋದವೆಂದು ಭಾವಿಸಿದ್ದಳು. ಆದರೆ ಗ್ರಂಥಸಂಪಾದನೆಯ ಶಿಸ್ತು ಕೂಡ ಇದೇ ಅಲ್ಲವೇ? ಸಂಪಾದಕನು ತಾನು ಒಪ್ಪದ ಪಾಠವನ್ನು ಎಸೆಯುವುದಿಲ್ಲ. ಪುಟದ ಅಡಿಯಲ್ಲಿ ಪಾಠಾಂತರವಾಗಿ ಇಡುತ್ತಾನೆ. ಮುಂದೆ ಬರುವವನು ತೀರ್ಮಾನವನ್ನು ಪರಿಶೀಲಿಸಲು ಅದೊಂದೇ ದಾರಿ. ಅದೇ ಶಿಸ್ತನ್ನು ಮೊದಲ ವರ್ಷದ ಎಂ.ಎ. ವಿದ್ಯಾರ್ಥಿಗಳಿಗೆ ಆಕೆ ಪಾಠ ಮಾಡಿದ್ದಳು. ಪರದೆಯ ಪ್ರಶ್ನೆಗೆ ಆಕೆ ಇಲ್ಲ ಎಂದು ಉತ್ತರಿಸಿದಳು.

ಮರುದಿನ ಎರಡೂ ಆಜ್ಞೆಗಳನ್ನು ಕಾಗದದ ಮೇಲೆ ಬರೆದುಕೊಂಡು ಹೋಗಿ ಮಾರ್ಗದರ್ಶಕರಿಗೆ ವಿವರಿಸಿದಳು. ಅವರು ಸಾಲುಗಳ ಮೇಲೆ ಬೆರಳಾಡಿಸಿ, ೞ ಮತ್ತು ಳ ಇದ್ದ ಜಾಗದಲ್ಲಿ ನಿಂತರು. ಶೆಲ್ ಅವರಿಗೆ ತಿಳಿಯದು, ಆದರೆ ಆ ಎರಡು ಅಕ್ಷರಗಳು ಅವರಿಗೆ ಮೂವತ್ತು ವರ್ಷಗಳ ಒಡನಾಡಿಗಳು. ಏನಾಗಿದೆಯೆಂದು ಅರ್ಥವಾಗಲು ಅವರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಅವರು ಕೇಳಿದ್ದು ಒಂದೇ ಮಾತು: ಅಕ್ಷರಗಳನ್ನು ಬದಲಿಸಿದ್ದು ಏಕೆ? ಆ ಉತ್ತರ ಇತಿಹಾಸದಲ್ಲಿರಲಿಲ್ಲ. ಏನು ಮಾಡಲಾಯಿತು ಎಂಬುದನ್ನು ಶೆಲ್ ಅಕ್ಷರ ಬಿಡದೆ ದಾಖಲಿಸುತ್ತದೆ. ಯಾಕೆ ಎಂಬುದನ್ನು ದಾಖಲಿಸುವುದಿಲ್ಲ. ಇತ್ತೀಚಿನ ಕೆಲವು ಸಾಧನಗಳು ಆಜ್ಞೆಯ ಜೊತೆಗೆ ಅದು ನಡೆದ ಹೊತ್ತು, ಕಡತಕೋಶ, ತೆಗೆದುಕೊಂಡ ಸಮಯ, ಸಫಲವಾಯಿತೋ ಇಲ್ಲವೋ ಎಂಬುದನ್ನೂ ಇಟ್ಟುಕೊಳ್ಳುತ್ತವೆ. ಉದ್ದೇಶ ಮಾತ್ರ ಅವುಗಳಿಗೂ ಎಟುಕದು.

ಎಣಿಕೆಯನ್ನು ಮತ್ತೆ ಮಾಡಲಾಯಿತು. ಹಳೆಯ ಕೋಷ್ಟಕದ ಮೇಲೆ ಹೊಸದನ್ನು ಬರೆಯದೆ, ಬೇರೆ ಹೆಸರಿನ ಕಡತದಲ್ಲಿ ಇಡಲಾಯಿತು. ಎರಡು ಕಾವ್ಯಗಳ ನಡುವಿನ ಅಂತರ ಬಹುಮಟ್ಟಿಗೆ ಕರಗಿತು. ಅಧ್ಯಾಯ ಅರ್ಧಕ್ಕೆ ಇಳಿಯಿತು. ಸಲ್ಲಿಕೆಗೆ ಕಾಲಾವಕಾಶ ಕೋರಿ ಅರ್ಜಿ ಬರೆಯಬೇಕಾಯಿತು. ಉಳಿದ ಅಧ್ಯಾಯಕ್ಕೆ ಆಕೆ ಒಂದು ಪುಟವನ್ನು ಸೇರಿಸಿದಳು. ಎಣಿಕೆಯ ಆಜ್ಞೆಗಳು ಅದರಲ್ಲಿ ಯಥಾವತ್ತಾಗಿವೆ, ಮೊದಲ ತಪ್ಪು ಆಜ್ಞೆಯೂ ಸೇರಿ.

ಅಂದಿನಿಂದ ಆಕೆಯ ಟರ್ಮಿನಲ್ಲಿನಲ್ಲಿ ಒಂದು ಅಭ್ಯಾಸ ಬೆಳೆದಿದೆ. ಹ್ಯಾಶ್ ಚಿಹ್ನೆಯಿಂದ ಆರಂಭವಾಗುವ ಸಾಲನ್ನು ಬ್ಯಾಶ್ ಟಿಪ್ಪಣಿಯೆಂದು ತಿಳಿದು ನಡೆಸುವುದಿಲ್ಲ, ಆದರೆ ಇತಿಹಾಸದಲ್ಲಿ ಸೇರಿಸಿಕೊಳ್ಳುತ್ತದೆ. ದೊಡ್ಡ ಎಣಿಕೆಯ ಮೊದಲು ಆಕೆ ಅಂತಹ ಒಂದು ಸಾಲನ್ನು ಬರೆಯುತ್ತಾಳೆ: ಯಾವ ಅಕ್ಷರವನ್ನು ಮುಟ್ಟಿದೆ, ಯಾವುದಕ್ಕಾಗಿ. ಎಚ್‌ಎಸ್‌ಟಿಆರ್ ತೆರೆದು ಹ್ಯಾಶ್ ಚಿಹ್ನೆಯೊಂದನ್ನು ಟೈಪಿಸಿದರೆ ಆ ಸಾಲುಗಳು ಪರದೆಯಲ್ಲಿ ಒಂದರ ಕೆಳಗೊಂದು ಬಂದು ನಿಲ್ಲುತ್ತವೆ. ಅವುಗಳಲ್ಲಿ ಮೊದಲನೆಯದು ತೀರ ಚಿಕ್ಕದು: ೞ ಹಾಗೆಯೇ ಇರಲಿ.